ಅಜ್ಜ ಓದಿ ಹೇಳಿದ ಹಾಳೆಗಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಮ್ಮ ಮನೆಯವರು ಯಾರಾದರೂ ಹೇಳುತ್ತಾರೆ, ಅದೂ ನಾಲ್ಕು ಮಾತು ಸೇರಿಸಿ. ಸಿಟ್ಟಿನಲ್ಲಿ ನಾನು ಆಡಿದ್ದರಲ್ಲಿ ಹೆಚ್ಚಿನವು ಈಗ ನನಗೂ ನೆನಪಿಲ್ಲ, ಕೇಳಿಸಿಕೊಂಡವರಿಗೂ ನೆನಪಿಲ್ಲ. ಒಂದು ಮಾತು ಮಾತ್ರ ಮರೆತಿಲ್ಲ. ಅದನ್ನು ನಮ್ಮ ಅಜ್ಜನಿಗೆ ಆಡಿದ್ದೆ. ಹಮ್ಮಿಗಿಯಿಂದ ಮುಂಡರಗಿಗೆ ಬರುವ ಚಕ್ಕಡಿಯಲ್ಲಿ, ಕರ್ನಾಟಕ ಒಂದಾಗಲು ಇನ್ನು ಹದಿನೈದು ದಿನವೂ ಉಳಿದಿರದಿದ್ದಾಗ.

ಆಗ ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದೆ. ಆಡಳಿತ ಎನ್ನುವುದು ಕಚೇರಿಯೊಳಗೆ ಏನಾಗುತ್ತದೆ ಎಂಬುದಲ್ಲ, ಕಚೇರಿಯ ಮೆಟ್ಟಿಲು ಇಳಿದು ಬಂದವನ ಮುಖ ಹೇಗಿರುತ್ತದೆ ಎಂಬುದು, ಎಂದು ಹೇಳುವ ಪ್ರಾಧ್ಯಾಪಕರೊಬ್ಬರು ನಮಗಿದ್ದರು. ಅವರಿಗೆ ನಮ್ಮ ಸೀಮೆ ಎಂದರೆ ಬಲು ಆಸೆ. ಏಕೆಂದರೆ ಆಗ ಅದು ತುಂಡು ತುಂಡಾಗಿತ್ತು. ಗದಗ-ಬೆಟಗೇರಿ ಮುಂಬಯಿ ಸರಕಾರದ್ದು. ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸು ಹೋದರೆ ಶಿರಹಟ್ಟಿ, ಅದು ಒಂದು ಸಂಸ್ಥಾನದ್ದು. ಅದರಾಚೆ ಲಕ್ಷ್ಮೇಶ್ವರ, ಅದು ಇನ್ನೊಂದು ಸಂಸ್ಥಾನದ್ದು. ಈ ಕಡೆ ಮುಂಡರಗಿ ಮತ್ತೆ ಮುಂಬಯಿಯದು. ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನಗಳೆಲ್ಲ ಮುಂಬಯಿಯಲ್ಲಿ ವಿಲೀನವಾದವು. ಈಗ ನವೆಂಬರ್ ಒಂದನೆಯ ತಾರೀಕಿಗೆ ಎಲ್ಲವೂ ಸೇರಿ ಹೊಸ ರಾಜ್ಯ. ಎಂಟೇ ವರ್ಷದಲ್ಲಿ ಒಂದೇ ಮನೆಯಲ್ಲಿ ಕೂತ ಮನುಷ್ಯನಿಗೆ ಮೂರು ಸರಕಾರ.

ಹೀಗೆ ಮೂರು ಸರಕಾರ ಕಾಣಲಿದ್ದವರನ್ನು, ಜೊತೆಗೆ ಮೊದಲಿನಿಂದ ಮುಂಬಯಿಯಲ್ಲೇ ಇದ್ದ ನೆರೆಯ ಊರಿನವರನ್ನು ಮಾತಾಡಿಸಿ ಬರುವ ಕೆಲಸ ನನ್ನ ಪಾಲಿಗೆ ಬಂತು. ನಲವತ್ತು ಹಾಳೆ, ಒಂದೊಂದರಲ್ಲಿ ಹದಿನಾಲ್ಕು ಪ್ರಶ್ನೆ. ನವೆಂಬರ್ ಒಂದರೊಳಗೆ ನಲವತ್ತೂ ತುಂಬಿ ಅವರ ಮೇಜಿನ ಮೇಲಿರಬೇಕು. ಹೊಸ ರಾಜ್ಯ ಬಂದ ಮೇಲೆ ಕೇಳಿದರೆ ಹಳೆಯದು ತಾನಾಗಿಯೇ ಸಿಹಿಯಾಗಿಬಿಡುತ್ತದೆ, ಆ ಉತ್ತರ ಉಪಯೋಗವಿಲ್ಲ ಎಂದು ಅವರು ಹೇಳಿದ್ದರು. ಅಂದರೆ ಒಮ್ಮೆ ಕೆಟ್ಟರೆ ಮತ್ತೆ ಮಾಡುವಂತಿಲ್ಲ. ನನ್ನ ಪ್ರಬಂಧವೂ ಅದರ ಮೇಲೆಯೇ ನಿಂತಿತ್ತು. ಪ್ರಬಂಧ ಕೆಟ್ಟರೆ ದೀಪಾವಳಿಯ ಮರುದಿನವೇ ಮನೆಯಲ್ಲಿ ನನ್ನ ಮದುವೆಯ ಮಾತು ಏಳುವುದು ಖಂಡಿತವಿತ್ತು. ಇನ್ನೊಂದು ನಿಯಮವನ್ನು ಪ್ರಾಧ್ಯಾಪಕರು ಮೂರು ಸಲ ಹೇಳಿದ್ದರು: ಹಾಳೆಯ ಮೇಲೆ ಯಾರ ಹೆಸರೂ ಬರೆಯಬಾರದು, ಸಹಿ ತೆಗೆದುಕೊಳ್ಳಬಾರದು. ತನ್ನ ಹೆಸರು ಎಲ್ಲೋ ಹೋಗುತ್ತದೆ ಎಂದು ಗೊತ್ತಾದರೆ ಯಾರೂ ಬಾಯಿ ಬಿಡುವುದಿಲ್ಲ.

ಹುಡುಗಿಯೊಬ್ಬಳೇ ಊರೂರು ತಿರುಗುವುದಕ್ಕೆ ಅವ್ವ ಒಪ್ಪಲಿಲ್ಲ. ಅಪ್ಪನಿಗೆ ಶಾಲೆ ಇತ್ತು. ಹಾಗಾಗಿ ಅಜ್ಜ ಹೊರಟ. ಅಜ್ಜ ಸಂಸ್ಥಾನದ ಕಾಲದಲ್ಲಿ ಶಿರಹಟ್ಟಿಯ ಕಚೇರಿಯಲ್ಲಿ ಕಾರಕೂನನಾಗಿದ್ದವನು. ವಿಲೀನದ ವರ್ಷ ಮೊಣಕಾಲು ನೋವೆಂದು ತಾನಾಗಿಯೇ ನೌಕರಿ ಬಿಟ್ಟು, ಒಂದು ಟ್ರಂಕು, ಒಂದು ಕೊಡೆ ಹಿಡಿದುಕೊಂಡು ಅಜ್ಜಿಯನ್ನು ಕರೆದುಕೊಂಡು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದ. ಆ ಮೊಣಕಾಲಿನ ಮಾತು ನಮ್ಮ ಮನೆಯಲ್ಲಿ ಗೋಡೆಯ ಮೇಲಿನ ಗಡಿಯಾರದಷ್ಟೇ ರೂಢಿಯಾಗಿತ್ತು. ಹೊರಡುವಾಗ ಅವ್ವ, ಮಾವನವರ ಮೊಣಕಾಲು ನೋಡಿಕೋ, ಬಹಳ ನಡೆಸಬೇಡ ಎಂದು ನನಗೆ ಬುದ್ಧಿ ಹೇಳಿದಳು. ಅಜ್ಜಿ ಒಳಗಿನಿಂದ ಬುತ್ತಿ ತಂದುಕೊಟ್ಟಳು.

ಕೆಲಸವನ್ನು ನಾವು ಹಂಚಿಕೊಂಡಿದ್ದೆವು. ಪ್ರಶ್ನೆ ಕೇಳುವವಳು ನಾನು. ಅವರು ಹೇಳಿದ್ದನ್ನು ಅಲ್ಲೇ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವವಳೂ ನಾನೇ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಮರುದಿನ ಓದಲು ನನಗೇ ಕಷ್ಟವಾಗುತ್ತಿತ್ತು. ಆದ್ದರಿಂದ ಹಾಳೆಗೆ ನಂಬರು ಹಾಕುವುದು, ಪೆನ್ಸಿಲ್ಲಿನ ಮೇಲೆ ಶಾಯಿಯಿಂದ ಚಂದಾಗಿ ತಿದ್ದುವುದು, ಹಾಳೆಗಳನ್ನು ರುಮಾಲಿನಲ್ಲಿ ಗಂಟು ಕಟ್ಟಿಟ್ಟುಕೊಳ್ಳುವುದು ಅಜ್ಜನ ಪಾಲು. ಅವನ ಅಕ್ಷರ ನೋಡಿದರೆ ಕಣ್ಣು ತಂಪಾಗುತ್ತಿತ್ತು. ಆ ಗಂಟು ಮಾತ್ರ ಅವನ ಹೊರತು ಯಾರಿಗೂ ಬಿಚ್ಚಲು ಬರುತ್ತಿರಲಿಲ್ಲ. ಮೂವತ್ತು ವರ್ಷ ಕಚೇರಿಯ ದಪ್ತರ ಕಟ್ಟಿದ ಕೈ ಅದು. ನಾನೂ ಬಿಚ್ಚುವ ಗೋಜಿಗೆ ಹೋಗಲಿಲ್ಲ.

ಶಿರಹಟ್ಟಿಯಲ್ಲಿ ಅಜ್ಜನ ಪರಿಚಯದವರ ಮನೆಯಲ್ಲಿ ಇಳಿದುಕೊಂಡೆವು. ಹಾದಿಯಲ್ಲಿ ಹೋಗುವಾಗ ಅವನು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇರುತ್ತಿದ್ದ. ಯಾರೋ ಎದುರಿಗೆ ಬಂದು, ಏನ್ರಿ ಕಾರಕೂನರ, ಮತ್ತ ಬಂದ್ರೇನು ಎಂದರೆ ಕೊಡೆ ಎತ್ತಿ ನಗುತ್ತಿದ್ದ. ತನ್ನ ಹಳೆಯ ಕಚೇರಿಯ ಮುಂದೆ ಬಂದಾಗ ಮಾತ್ರ ಬೀದಿಯ ಆಚೆ ಬದಿಗೆ ದಾಟಿಕೊಂಡ. ಬಿಸಿಲೆಂದು ನಾನು ತಿಳಿದೆ.

ಪ್ರತಿ ಮುಂಜಾನೆ, ನಾನು ಸ್ನಾನ ಮಾಡಿ ಅವಲಕ್ಕಿ ತಿನ್ನುವ ಹೊತ್ತಿಗೆ, ಅಜ್ಜ ಅಡ್ಡಾಡಲು ಹೋಗಿಬಿಟ್ಟಿರುತ್ತಿದ್ದ. ಕೈಯಲ್ಲಿ ರುಮಾಲಿನ ಗಂಟು. ಕೂತು ಬರೆಯಲು ಗಾಳಿ ಬೆಳಕು ಚೆನ್ನಾಗಿರುವ ಕಟ್ಟೆ ಹುಡುಕುತ್ತೇನೆ ಎನ್ನುತ್ತಿದ್ದ. ಎರಡು ತಾಸಿಗೆ ತಿರುಗಿ ಬರುತ್ತಿದ್ದ. ಲಕ್ಷ್ಮೇಶ್ವರದಲ್ಲೂ ಹಾಗೇ ಆಯಿತು. ವಯಸ್ಸಾದವರ ರೂಢಿ, ಇರಲಿ ಎಂದು ನಾನು ಬಿಟ್ಟೆ.

ಹಾಳೆ ತುಂಬುವುದು ನನಗೆ ಅಂದುಕೊಂಡದ್ದಕ್ಕಿಂತ ಸುಲಭವಾಗಿ ಸಾಗಿತ್ತು. ಜನ ಚಾಪೆ ಹಾಸಿ ಕೂಡ್ರಿಸಿ, ಚಹಾ ಕೊಟ್ಟು, ಕೇಳಿದ್ದಕ್ಕೆಲ್ಲ ತಲೆ ಆಡಿಸಿ ಉತ್ತರ ಹೇಳುತ್ತಿದ್ದರು. ಹನ್ನೊಂದನೆಯ ಪ್ರಶ್ನೆ ನಮ್ಮ ಪ್ರಾಧ್ಯಾಪಕರ ಪ್ರೀತಿಯದು: ಸರಕಾರಿ ಕಚೇರಿಗೆ ಹೋದಾಗ ನಿಮ್ಮ ಮಾತನ್ನು ಕಿವಿಗೊಟ್ಟು ಕೇಳಿದವರು ಇದ್ದಾರೆಯೇ? ಎಲ್ಲರೂ ಇದ್ದಾರೆ ಎನ್ನುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಸರಕಾರ ಇಷ್ಟೊಂದು ಚೆನ್ನಾಗಿ ನಡೆಯುತ್ತಿದ್ದರೆ ಪುಸ್ತಕದವರು ಯಾಕೆ ಸುಮ್ಮನೆ ಬೈಯುತ್ತಾರೋ ಎಂದು ನನಗೇ ಆಶ್ಚರ್ಯವಾಗಿತ್ತು.

ಹಮ್ಮಿಗಿಗೆ ಬಂದೆವು. ಹೊಳೆಯ ದಂಡೆಯ ಊರು. ಆಗ ಈಚೆ ದಂಡೆ ಮುಂಬಯಿ, ಆಚೆ ದಂಡೆ ಮೈಸೂರು. ಊರಿನ ಅಂಚಿನ ಮನೆಯಲ್ಲಿ ಒಬ್ಬಳು ಮುದುಕಿ ಇದ್ದಳು, ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಅವಳಿಗೂ ಹದಿನಾಲ್ಕು ಪ್ರಶ್ನೆ ಕೇಳಿದ್ದೆ. ಎಲ್ಲಾ ಛಲೋ ಐತಿ, ಎಲ್ಲಾರೂ ಛಲೋ ಕೇಳ್ತಾರ ಎಂದು ಒಂದೇ ಉಸಿರಿಗೆ ಹೇಳಿ, ಮೊಸರು ತಂದುಕೊಟ್ಟಿದ್ದಳು. ಮರುದಿನ ಮಧ್ಯಾಹ್ನ ಹೊರಡುವ ಮುಂಚೆ ಹೋಗಿ ಬರುತ್ತೇನೆ ಎಂದು ಹೇಳಲು ಅವಳ ಮನೆಗೆ ಹೋದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ನಿಮ್ಮ ಅಜ್ಜಾರು ಮುಂಜಾನಿ ಬಂದಿದ್ರವ್ವಾ. ನಾ ಹೇಳಿದ್ದು ನನಗ ಓದಿ ಹೇಳಿದ್ರು. ಕೇಳಿ ನಾಚಿಕಿ ಬಂತು ನನಗ. ಅಷ್ಟೂ ಸುಳ್ಳು ಹೇಳಿದ್ನೆಲ್ಲಾ ಅಂತ."

ನನಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಹೊಲಕ್ಕೆ ಗಂಡನ ಹೆಸರು ತೆಗೆದು ತನ್ನ ಹೆಸರು ಹಾಕಿಸಲು ಅವಳು ನಾಲ್ಕು ಸಲ ಕಚೇರಿಗೆ ನಡೆದಿದ್ದಳು. ನಾಲ್ಕು ಸಲವೂ ಬರೆಯುವವನು ತಲೆ ಎತ್ತಿ ನೋಡಿರಲಿಲ್ಲ. ಐದನೆಯ ಸಲ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಇದನ್ನೆಲ್ಲ ಅಜ್ಜ ಮುಂಜಾನೆ ಬರೆದುಕೊಂಡು, ಮತ್ತೆ ಓದಿ ಹೇಳಿ, ಹೆಬ್ಬಟ್ಟು ಒತ್ತಿಸಿಕೊಂಡು ಹೋಗಿದ್ದ. ಅವಳು ಹೆಬ್ಬೆರಳು ತೋರಿಸಿದಳು. ಶಾಯಿ ಇನ್ನೂ ಪೂರಾ ಹೋಗಿರಲಿಲ್ಲ.

ಚಕ್ಕಡಿ ಊರು ದಾಟುವ ತನಕ ತಡೆದುಕೊಂಡೆ. ಆಮೇಲೆ ಗಂಟು ಬಿಚ್ಚು ಎಂದೆ. ಅಜ್ಜ ಬಿಚ್ಚಿಕೊಟ್ಟ. ಶಿರಹಟ್ಟಿ, ಲಕ್ಷ್ಮೇಶ್ವರ, ಹಮ್ಮಿಗಿ, ಮೂರೂ ಕಡೆಯ ಮೂವತ್ತು ಹಾಳೆ. ಮೂವತ್ತರ ಕೆಳಗೂ ಹೆಸರು, ತಂದೆಯ ಹೆಸರು, ಊರು, ಹೆಬ್ಬಟ್ಟು ಅಥವಾ ಸಹಿ. ಅದರ ಪಕ್ಕ ಅಜ್ಜನ ಆ ಮುತ್ತಿನಂಥ ಅಕ್ಷರದಲ್ಲಿ: ಓದಿ ಹೇಳಿದ್ದು ಕೇಳಿ ಒಪ್ಪಿಕೊಂಡಿದ್ದೇನೆ. ಮೇಲೆ ಉತ್ತರಗಳ ಜಾಗದಲ್ಲಿ, ಬದಲಾಗದ ಮಾತುಗಳ ಮೇಲೆ ಶಾಯಿ ಓಡಿತ್ತು. ಬದಲಾದಲ್ಲಿ ನನ್ನ ಪೆನ್ಸಿಲ್ಲು ಹಾಗೇ ಉಳಿದು, ಅದರ ಕೆಳಗೆ ಶಾಯಿಯಲ್ಲಿ ಹೊಸ ಉತ್ತರ ಬಂದಿತ್ತು.

ಪ್ರಾಧ್ಯಾಪಕರು ಬೇಡ ಎಂದು ಮೂರು ಸಲ ಹೇಳಿದ್ದು ಮೂವತ್ತು ಸಲ ಆಗಿತ್ತು. ಹೆಸರು ಹೋಗುತ್ತದೆ ಎಂದರೆ ಯಾರೂ ಬಾಯಿ ಬಿಡುವುದಿಲ್ಲ ಎಂಬ ನಿಯಮ ಹೇಳಿ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅಜ್ಜನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಹೇಳಿದವರಿಗೆ ಓದಿ ಹೇಳಲಾರದ ಜಬಾನಿ, ಜಬಾನಿನ ಅಲ್ಲ ತಂಗಿ. ಅದು ಕದ್ದ ಮಾತು."

ನಮ್ಮ ಕಡೆ ಜಬಾನಿ ಎಂದರೆ ಕಚೇರಿಯಲ್ಲಿ ಬರೆದುಕೊಳ್ಳುವ ಹೇಳಿಕೆ. ಸಂಸ್ಥಾನದ ಕಾಲದಲ್ಲಿ, ರೈತ ಹೇಳಿದ್ದನ್ನು ಕಾರಕೂನ ಬರೆದ ಮೇಲೆ ಅವನಿಗೆ ನಿಧಾನವಾಗಿ ಓದಿ ಹೇಳಬೇಕಿತ್ತು. ರೈತ ಹೌದು ಎಂದ ಮೇಲೆಯೇ ಹೆಬ್ಬಟ್ಟು. ಉಳಿದವರು ಅವಸರಕ್ಕೆ ಓದಿದ ಹಾಗೆ ಮಾಡುತ್ತಿದ್ದರಂತೆ, ಅಜ್ಜ ಮಾತ್ರ ಮೂವತ್ತು ವರ್ಷ ಒಂದನ್ನೂ ಬಿಡದೆ ಓದಿದವನು. ಈ ಹಾಳೆಗಳಿಂದ ಏನೂ ಸಿಗುವುದಿಲ್ಲ, ನೀವು ಹೇಳಿದ್ದು ಖರೆ ಎನ್ನುವುದಕ್ಕಷ್ಟೇ ಹೆಬ್ಬಟ್ಟು ಎಂದು ಪ್ರತಿಯೊಬ್ಬರಿಗೂ ತಿಳಿಸಿದ್ದನಂತೆ. ಹೆಸರಿಲ್ಲದ ಜಬಾನಿ ಇರುತ್ತದೆ ಎಂಬುದೇ ಅವನ ತಲೆಗೆ ಹೊಳೆದಿರಲಿಲ್ಲ. ನಾನು ಹೆಸರು ಬರೆಯದಿದ್ದದ್ದು ಚಿಕ್ಕವಳ ಮರೆವು ಎಂದುಕೊಂಡು, ನನಗೆ ಹೇಳಿದರೆ ಮುಜುಗರವಾದೀತೆಂದು ಸುಮ್ಮನೆ ತಾನೇ ಸರಿಮಾಡುತ್ತಾ ಬಂದಿದ್ದ.

ಇಷ್ಟು ಕೇಳಿದ ಮೇಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸಿಟ್ಟು ನೆತ್ತಿಗೇರಿತ್ತು.

"ನಿನ್ನ ಸಂಸ್ಥಾನ ಸತ್ತು ಎಂಟು ವರ್ಷ ಆತು ಅಜ್ಜಾ. ನಿನ್ನ ಕಾರಕೂನಕಿನೂ ಅದರ ಜೋಡಿನ ಸತ್ತೈತಿ. ಆ ಹೆಣಾ ತಂದು ನನ್ನ ಕೆಲಸದಾಗ ಯಾಕ ಹಾಕ್ತಿ?"

ಚಕ್ಕಡಿ ಹೊಡೆಯುವವನು ಕೂಡ ಎತ್ತುಗಳನ್ನು ಬೈಯುವುದು ನಿಲ್ಲಿಸಿದ. ಅಜ್ಜ ಹಾಳೆಗಳನ್ನು ಜೋಡಿಸಿ ರುಮಾಲಿನಲ್ಲಿ ಸುತ್ತಿ, ಗಂಟು ಹಾಕದೆ, ನನ್ನ ತೊಡೆಯ ಮೇಲಿಟ್ಟ. ಆತು ಎಂದ. ಅಷ್ಟೇ. ಮುಂಡರಗಿ ಬರುವ ತನಕ ಕೊಡೆಯ ಹಿಡಿಕೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಜೋಳದ ಹೊಲಗಳನ್ನು ನೋಡುತ್ತಾ ಕೂತಿದ್ದ.

ಡಂಬಳದಲ್ಲಿ, ಆಮೇಲೆ ಡೋಣಿಯಲ್ಲಿ ಉಳಿದ ಹತ್ತು ಹಾಳೆ ತುಂಬಿದೆ. ಅಜ್ಜ ಜೊತೆಗೆ ಬಂದ, ಪಕ್ಕದಲ್ಲಿ ಕೂತ, ನಂಬರು ಹಾಕು ಎಂದರೆ ಹಾಕಿದ. ಮುಂಜಾನೆ ಅಡ್ಡಾಡಲು ಹೋಗಲಿಲ್ಲ. ಡಂಬಳದ ಕೆರೆಯ ಏರಿಯ ಮೇಲೆ ಹೋಗಿ ಬಾ ಎಂದು ನಾನೇ ಒಮ್ಮೆ ಹೇಳಿದೆ. ಮೊಣಕಾಲು ನೋಯುತ್ತದೆ ಎಂದ. ಊಟದಲ್ಲಿ ಅರ್ಧ ರೊಟ್ಟಿ ಬಿಡುತ್ತಿದ್ದ. ನಾನು ಕ್ಷಮಿಸು ಎನ್ನಲಿಲ್ಲ. ಆ ವಯಸ್ಸಿನಲ್ಲಿ ಸರಿ ಇರುವುದೇ ದೊಡ್ಡದು ಎನಿಸುತ್ತಿತ್ತು, ಮತ್ತು ನಿಯಮದ ಪ್ರಕಾರ ನಾನು ಸರಿ ಇದ್ದೆ.

ಬೆಟಗೇರಿಗೆ ಬಂದ ಮೇಲೆ ಆ ಹತ್ತು ಹಾಳೆಗೆ ನಾನೇ ಶಾಯಿ ತಿದ್ದಲು ಕೂತೆ. ಐದನೆಯದಕ್ಕೆ ಬರುವಷ್ಟರಲ್ಲಿ ಕೈ ನಿಂತಿತು. ಹತ್ತೂ ಒಂದೇ ಅಚ್ಚಿನಿಂದ ತೆಗೆದ ಶ್ಯಾವಿಗೆಯ ಹಾಗಿದ್ದವು. ಛಲೋ ಐತಿ. ಕೇಳ್ಯಾರ. ತೊಂದರಿ ಇಲ್ಲ. ಎದ್ದು ಅಜ್ಜನ ಮೂವತ್ತು ಹಾಳೆ ತೆಗೆದು ಮೊದಲ ಸಲ ಸಮಾಧಾನದಿಂದ ಓದಿದೆ. ಶಿರಹಟ್ಟಿಯ ಒಬ್ಬ ನೇಕಾರನದು ಇತ್ತು. ಪೆನ್ಸಿಲ್ಲಿನಲ್ಲಿ, ವಿಲೀನ ಆದ ಮೇಲೆ ಎಲ್ಲ ಅನುಕೂಲ. ಶಾಯಿಯಲ್ಲಿ, ಮೊದಲು ಕಚೇರಿ ನಮ್ಮ ಓಣಿಯ ತುದಿಗಿತ್ತು, ಬೈದರೂ ನಮ್ಮವರೇ ಬೈಯುತ್ತಿದ್ದರು. ಈಗ ಯಾರನ್ನು ಕೇಳಬೇಕೋ ತಿಳಿಯುವುದಿಲ್ಲ, ಆದರೆ ಈಗ ಬೈದರೆ ತಿರುಗಿ ಕೇಳಬಹುದು ಅಂತಾರೆ, ನಾನು ಇನ್ನೂ ಕೇಳಿ ನೋಡಿಲ್ಲ. ಲಕ್ಷ್ಮೇಶ್ವರದ ಒಬ್ಬ ಪೂಜಾರಿಯದು ಇತ್ತು. ಪೆನ್ಸಿಲ್ಲಿನಲ್ಲಿ, ಹೊಸ ರಾಜ್ಯ ಬೇಕು. ಶಾಯಿಯಲ್ಲಿಯೂ ಬೇಕು ಎಂದೇ ಇತ್ತು, ಆದರೆ ಮುಂದೆ ಸೇರಿಸಿದ್ದ: ಕಾಗದ ಕನ್ನಡದಾಗ ಬಂದರೆ ಮಗನಿಂದ ಓದಿಸದೆ ನಾನೇ ಓದುತ್ತೇನೆ, ಅದಕ್ಕೆ. ಒಂದೊಂದೂ ಒಬ್ಬೊಬ್ಬ ಮನುಷ್ಯ. ನನ್ನ ಮುಂದೆ ಅವರು ಅತಿಥಿಗೆ ಹೇಳುವುದನ್ನು ಹೇಳಿದ್ದರು. ಮರುದಿನ ತಮ್ಮ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ತಮ್ಮದಲ್ಲ ಎನಿಸಿತ್ತು.

ನನಗೆ ಅಳು ಬಂತು. ಹೊಟ್ಟೆಕಿಚ್ಚೂ ಬಂತು, ಸುಳ್ಳು ಯಾಕೆ ಹೇಳಲಿ.

ಅಜ್ಜನಿಗೆ ಏನೂ ಹೇಳದೆ ನಲವತ್ತೂ ಹಾಳೆ ಹಿಡಿದುಕೊಂಡು ಮುಂಜಾನೆಯ ರೈಲಿಗೆ ಧಾರವಾಡಕ್ಕೆ ಹೋದೆ. ಪ್ರಾಧ್ಯಾಪಕರು ಮೊದಲನೆಯ ಹಾಳೆಯ ಹೆಬ್ಬಟ್ಟು ನೋಡಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದನ್ನು ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ನಾಲ್ಕು ದಿನದ ಹಿಂದೆ ನಾನು ಅಜ್ಜನಿಗೆ ಹೇಳಿದ ಕಾರಣಗಳನ್ನೇ, ಅದಕ್ಕಿಂತ ಒಳ್ಳೆಯ ಭಾಷೆಯಲ್ಲಿ, ನನಗೆ ಹೇಳಿದರು. ನನ್ನ ಸಿಟ್ಟು ಅವತ್ತು ಒಂದು ಒಳ್ಳೆಯ ಕೆಲಸ ಮಾಡಿತು.

"ಪೆನ್ಸಿಲ್ಲಿನಾಗ ಇರೂದು ನನ್ನ ಕೆಲಸ ಸರ್, ಶಾಯಿಲೆ ಬರದಿದ್ದು ನಮ್ಮ ಅಜ್ಜಂದು. ತಗೊಂಡ್ರ ಎರಡೂ ತಗೋರಿ, ಬಿಟ್ರ ಎರಡೂ ಬಿಡ್ರಿ."

ಗುರುಗಳ ಮುಂದೆ ಹಾಗೆ ಮಾತಾಡುವ ಕಾಲವಲ್ಲ ಅದು. ಅವರು ಮತ್ತೆ ಕನ್ನಡಕ ಹಾಕಿಕೊಂಡರು. ಹಮ್ಮಿಗಿಯ ಮುದುಕಿಯ ಹಾಳೆಯನ್ನು ಎರಡು ಸಲ ಓದಿದರು. ನಿಮ್ಮ ಅಜ್ಜ ಇವರಿಗೆ ಏನಾದರೂ ಹೇಳಿಕೊಟ್ಟರೇ ಎಂದು ಕೇಳಿದರು. ಅವರು ಹೇಳಿದ್ದನ್ನೇ ಅವರಿಗೆ ಓದಿ ಹೇಳಿದ, ಅಷ್ಟೇ ಎಂದೆ. ಉಳಿದ ಹಾಳೆಗಳನ್ನೂ ತಿರುವಿ ನೋಡಿ ಅವರು ತೀರ್ಮಾನ ಹೇಳಿದರು. ಕೆಳಗಿನ ಅಂಚುಗಳನ್ನು ಕತ್ತರಿಸಿ ಸುಟ್ಟುಬಿಡಬೇಕು, ಒಂದು ಹೆಸರೂ ಉಳಿಯಬಾರದು. ಎರಡೂ ಉತ್ತರ ಪ್ರಬಂಧದಲ್ಲಿ ಅಕ್ಕಪಕ್ಕ ಬರಬೇಕು. ಆದರೆ ಮೂವತ್ತಕ್ಕೆ ಒಂದು ರೀತಿ, ಹತ್ತಕ್ಕೆ ಒಂದು ರೀತಿ ನಡೆಯುವುದಿಲ್ಲ. ಐದು ದಿನ ಉಳಿದಿದೆ. ಡಂಬಳ, ಡೋಣಿಗೆ ಮತ್ತೆ ಹೋಗಿ ಆ ಹತ್ತನ್ನೂ ಓದಿ ಹೇಳಿ ಬರಬೇಕು. ಆಗದಿದ್ದರೆ ನಲವತ್ತೂ ಬಿಟ್ಟುಬಿಡು ಎಂದರು.

ಸಂಜೆ ಮನೆಗೆ ಬಂದಾಗ ಅಜ್ಜ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಪ್ರಾಧ್ಯಾಪಕರು ಹೇಳಿದ್ದನ್ನೆಲ್ಲ ಹೇಳಿದೆ. ನಾಳೆ ನನ್ನ ಜೊತೆ ಡಂಬಳಕ್ಕೆ ಬಾ ಎಂದೆ. ಅವನು ತಲೆ ಎತ್ತಲಿಲ್ಲ. ಮೊಣಕಾಲು ನೋವು, ಆಗುವುದಿಲ್ಲ ಎಂದ.

ಶಿರಹಟ್ಟಿಯ ಓಣಿಗಳಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ ಮೊಣಕಾಲು. ಲಕ್ಷ್ಮೇಶ್ವರದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಹತ್ತು ಮನೆಯ ಮೆಟ್ಟಿಲು ಹತ್ತಿ ಇಳಿದ ಮೊಣಕಾಲು. ಅದು ನೋಯಲು ಸುರುವಾದದ್ದು ಚಕ್ಕಡಿಯಲ್ಲಿ ನಾನು ಆ ಮಾತು ಆಡಿದ ಮೇಲೆ. ಹಾಗಾದರೆ ಎಂಟು ವರ್ಷದ ಹಿಂದೆ ಯಾರು ಏನು ಮಾತು ಆಡಿದ್ದರು? ಐದು ಊರು ಸುತ್ತಿ ಕಂಡವರಿಗೆಲ್ಲ ಪ್ರಶ್ನೆ ಕೇಳಿ ಬಂದ ದೊಡ್ಡ ಸಂಶೋಧಕಿ ನಾನು, ಮನೆಯ ಪಡಸಾಲೆಯಲ್ಲಿ ಕೂತವನನ್ನು ಒಂದೂ ಕೇಳಿರಲಿಲ್ಲ.

ಪ್ರಾಧ್ಯಾಪಕರು ಹೆಚ್ಚಿಗೆ ಕೊಟ್ಟಿದ್ದ ಒಂದು ಖಾಲಿ ಹಾಳೆ ಉಳಿದಿತ್ತು. ಅದನ್ನು ತಂದು ಅವನ ಮುಂದೆ ಕೂತೆ. ಹಾಗಾದರೆ ನನಗೆ ಓದಿ ಹೇಳುವುದನ್ನು ಕಲಿಸು, ನಾನೊಬ್ಬಳೇ ಹೋಗುತ್ತೇನೆ. ಮೊದಲು ನಿನ್ನ ಜಬಾನಿ ಬರೆದುಕೊಳ್ಳುತ್ತೇನೆ ಎಂದೆ. ಕಲಿಸು ಎಂದರೆ ಅಜ್ಜ ಇಲ್ಲ ಎನ್ನುವವನಲ್ಲ. ಶೇಂಗಾದ ಮೊರ ಸರಿಸಿ ನೆಟ್ಟಗೆ ಕೂತ. ಹದಿನಾಲ್ಕಕ್ಕೂ ಉತ್ತರ ಹೇಳಿದ. ವಿಲೀನದ ಮೊದಲಿನ ಉದ್ಯೋಗ, ಕಾರಕೂನ. ನಂತರ, ಮೊಣಕಾಲು ನೋವಿನಿಂದ ತಾನಾಗಿಯೇ ಬಿಟ್ಟದ್ದು. ಹನ್ನೊಂದನೆಯದಕ್ಕೆ, ಕೇಳಿದವರು ಇದ್ದಾರೆ. ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.

ಮರುದಿನ ಮುಂಜಾನೆ, ಅವನು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೂತಾಗ, ಹಾಳೆ ಹಿಡಿದುಕೊಂಡು ಹೋದೆ. ಅವಸರ ಮಾಡಬೇಡ, ಒಂದು ಉತ್ತರ ಆದ ಮೇಲೆ ಅವರ ಮುಖ ನೋಡು, ಆಮೇಲೆ ಮುಂದಿನದು ಓದು ಎಂದು ಹೇಳಿಕೊಟ್ಟ. ಹಾಗೆಯೇ ಓದಿದೆ. ಮೊಣಕಾಲಿನ ಉತ್ತರ ಓದಿ ಮುಖ ನೋಡಿದೆ. ಅವನು ಅಂಗಳ ನೋಡುತ್ತಿದ್ದ. ನಾನು ಕಾದೆ.

"ಅದು ಖರೆ ಅಲ್ಲ ತಂಗಿ. ಅಳಸಬ್ಯಾಡ, ಹಾಂಗ ಇರಲಿ. ಕೆಳಗ ಶಾಯಿಲೆ ಬರಿ. ನಾ ಬಿಡಲಿಲ್ಲ. ನನ್ನ ತಗದ್ರು."

ಶಾಯಿಯ ಪೆನ್ನು ತೆಗೆದುಕೊಂಡೆ. ಅವನು ಬರೆಸುವವರ ಹಾಗೆ ನಿಧಾನವಾಗಿ, ಒಂದೊಂದೇ ಮಾತು ಹೇಳಿದ.

"ವಿಲೀನ ಆದ ಮ್ಯಾಲೆ ಮುಂಬಯಿ ಸರಕಾರದವರು ಮೂರು ಮಂದಿ ಬಂದು ಕುಂತಿದ್ರು. ಎರಡು ಪ್ರಶ್ನೆ ಕೇಳಿದ್ರು. ನಾ ಹೇಳಿದ್ದು ಬರಕೊಂಡ್ರು. ಏನು ಬರಕೊಂಡ್ರು ಅಂತ ನನಗ ಓದಿ ಹೇಳಲಿಲ್ಲ. ಸಂಜೀಕ ನೌಕರಿಗೆ ಉಳಿಸಿಕೊಂಡವರ ಹೆಸರು ಕರದ್ರು, ಅದರಾಗ ನಂದು ಇರಲಿಲ್ಲ."

ಬರೆದದ್ದನ್ನು ಓದಿ ಹೇಳಿದೆ. ಅವನು ಹೌದು ಎಂದು ತಲೆ ಆಡಿಸಿದ. ಅಜ್ಜಿ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಅಜ್ಜ ಅವಳನ್ನು ನೋಡಿ ಮುಖ ತಗ್ಗಿಸಿದ. ಅವಳು ಬಟ್ಟಲನ್ನು ಅವನ ಕೈಗೇ ಕೊಟ್ಟಳು.

"ಎಂಟು ವರ್ಷ ಆತು, ಆ ಮೊಣಕಾಲಿಗೆ ಒಂದು ದಿನಾನೂ ಎಣ್ಣಿ ಹಚ್ಚು ಅಂದಿಲ್ಲ ಇವರು," ಎಂದು ನನಗೆ ಹೇಳಿದಳು. "ನಾನೂ ಕೇಳಲಿಲ್ಲ."

ಕೇಳಿದ್ದರೆ ಅಜ್ಜ ಆ ಸುಳ್ಳನ್ನು ಇನ್ನೊಮ್ಮೆ ಹೇಳಬೇಕಾಗುತ್ತಿತ್ತಲ್ಲ ಎಂದು ಅವಳು ಹೇಳಲಿಲ್ಲ, ನಾನು ತಿಳಿದುಕೊಂಡೆ. ಅಜ್ಜ ಚಹಾ ಕುಡಿದ. ಚಕ್ಕಡಿಯಲ್ಲಿ ಆಡಿದ ಮಾತಿಗೆ ತಪ್ಪಾಯಿತು ಅಜ್ಜಾ ಎಂದು ನಾನು ಅಳುತ್ತಲೇ ಹೇಳಿದೆ. ಅವನು ನನ್ನ ತಲೆಯ ಮೇಲೆ ಕೈ ಇಟ್ಟು, ಹಾಳೆಯ ಮೇಲೆ ನೀರು ಬೀಳುತ್ತದೆ, ಶಾಯಿ ಹರಿಯುತ್ತದೆ ಎಂದ. ಹನ್ನೊಂದನೆಯ ಉತ್ತರ ಇನ್ನೂ ಓದಿರಲಿಲ್ಲ. ಓದಲು ಹೋದೆ. ಅದನ್ನು ಕಡೆಗೆ ನೋಡೋಣ, ಡಂಬಳದ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಕೊಡೆ ತೆಗೆದುಕೊಂಡ.

ಡಂಬಳದಲ್ಲಿ, ಡೋಣಿಯಲ್ಲಿ ಈ ಸಲ ಓದಿದವಳು ನಾನು. ಅಜ್ಜ ಪಕ್ಕದಲ್ಲಿ ಕೂತು, ನಾನು ಅವಸರ ಮಾಡಿದಾಗ ಕೊಡೆಯ ತುದಿಯಿಂದ ನೆಲ ತಟ್ಟುತ್ತಿದ್ದ. ಹತ್ತರಲ್ಲಿ ಎಂಟು ಹಾಳೆಗೆ ಹೊಸ ಶಾಯಿ ಬಂತು. ಉಳಿದ ಇಬ್ಬರು, ಹೇಳಿದ್ದೇ ಸರಿ ಐತಿ ಎಂದರು. ಅದೂ ಖರೆಯೇ ಇದ್ದೀತು, ಹಾಗೇ ಬಿಟ್ಟೆವು.

ತಿಂಗಳ ಕೊನೆಯ ಹಿಂದಿನ ದಿನ ಅಂಚು ಕತ್ತರಿಸಲು ಕೂತೆವು. ಆ ಹೆಬ್ಬಟ್ಟುಗಳ ಮೇಲೆ ಕತ್ತರಿ ಆಡಿಸು ಎಂದು ಅಜ್ಜನಿಗೆ ಹೇಗೆ ಹೇಳುವುದೆಂದು ನನಗೆ ಸಂಕಟವಾಗಿತ್ತು. ಅವನೇ ಕತ್ತರಿ ತೆಗೆದುಕೊಂಡ. ಹೆಸರು ಗೊತ್ತಾಗಿ ಯಾರಿಗಾದರೂ ತೊಂದರೆಯಾದರೆ ಓದಿ ಹೇಳಿದ್ದಕ್ಕೆ ಅರ್ಥ ಉಳಿಯುವುದಿಲ್ಲ, ನಿಮ್ಮ ಗುರುಗಳು ಹೇಳಿದ್ದು ಬರೋಬರಿ ಐತಿ ಎಂದ. ಒಂದೊಂದು ಅಂಚನ್ನೂ ಗೆರೆ ಎಳೆದ ಹಾಗೆ ನೇರವಾಗಿ ಕತ್ತರಿಸಿದ. ಹಮ್ಮಿಗಿಯ ಮುದುಕಿಯ ಅಂಚನ್ನು ಕತ್ತರಿಸುವ ಮುಂಚೆ ಅವಳ ಹೆಸರು, ಊರು ಬೇರೆ ಕಾಗದದ ಮೇಲೆ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡ. ಐದನೆಯ ಸಲ ಅವಳ ಜೊತೆ ಕಚೇರಿಗೆ ತಾನೇ ಹೋಗಬೇಕೆಂದು ಮನಸ್ಸು ಮಾಡಿದ್ದ. ದೀಪಾವಳಿ ಆದ ಮೇಲೆ ಹೋಗಿಯೂ ಬಂದ.

ಮೂವತ್ತು ಅಂಚು ಮುಗಿದ ಮೇಲೆ ನಲವತ್ತೊಂದನೆಯ ಹಾಳೆ ಉಳಿಯಿತು, ಅವನದು. ಅದು ಲೆಕ್ಕಕ್ಕೆ ಸೇರುವಂಥದ್ದಲ್ಲ. ಕಚೇರಿಯಲ್ಲಿ ಕೆಲಸ ಮಾಡಿದವರನ್ನು ನಾವು ಕೇಳುವಂತಿರಲಿಲ್ಲ. ಅಜ್ಜ ಹಾಳೆಯನ್ನು ಬೆಳಕಿಗೆ ಹಿಡಿದು ಕೆಳಗಿದ್ದ ತನ್ನ ಹೆಸರು ನೋಡಿದ, ಕತ್ತರಿ ಕೆಳಗಿಟ್ಟ.

ಹನ್ನೊಂದನೆಯದನ್ನು ಇನ್ನೂ ಓದಿ ಹೇಳಿಲ್ಲ ಎಂದು ನೆನಪಿಸಿದೆ. ಓದು ಎಂದ. ಪ್ರಶ್ನೆ ಓದಿದೆ: ನಿಮ್ಮ ಮಾತನ್ನು ಕಿವಿಗೊಟ್ಟು ಕೇಳಿದವರು ಇದ್ದಾರೆಯೇ? ಪೆನ್ಸಿಲ್ಲಿನ ಉತ್ತರ ಓದಿದೆ: ಕೇಳಿದವರು ಇದ್ದಾರೆ. ಆಮೇಲೆ, ಅವನು ಕಲಿಸಿದ ಹಾಗೆ, ಮುಖ ನೋಡಿದೆ. ಶಾಯಿಯ ಪೆನ್ನು ತೆಗೆದುಕೊಳ್ಳಲೇ ಎಂದು ಕೇಳಿದೆ.

"ಬ್ಯಾಡ, ಅದು ಹಾಂಗ ಇರಲಿ," ಎಂದ ಅಜ್ಜ. "ಅವತ್ತ ಸುಳ್ಳ ಹೇಳಿದ್ದೆ. ಈಗ ಖರೆ ಆತು."